ಜಟ್ಟೆಪ್ಪನ ಸೊನ್ನೆ ಎಕರೆಗೆ ಒಂದು ಪಾಳಿ ನೀರು

ನಿಲ್ಲು ಎಂದು ಹೇಳಿದ್ದೆನೋ ಇಲ್ಲವೋ. ಈ ಒಂದು ಚಿಂತೆ ಇಂದುಮತಿಯ ತಲೆಯನ್ನು ಹೊಕ್ಕು ವಾರವಾಗಿತ್ತು. ಹೊರಗೆ ಹೋಗುವ ಲಕ್ಷಣವೇ ಇರಲಿಲ್ಲ. ಹಾಗೆ ನೋಡಿದರೆ ಅವಳ ತಲೆ ಚಿಂತೆಗಳ ಧರ್ಮಶಾಲೆ. ಸ್ಟೋವು ಆರಿಸಿದೆನೋ ಇಲ್ಲವೋ, ಕೂಸು ಸೀನಿದ್ದು ನೆಗಡಿಗೋ ಧೂಳಿಗೋ, ನವಿಲುತೀರ್ಥದ ಜಲಾಶಯ ಮನೆಯಿಂದ ಒಂದು ಮೈಲು ದೂರವಿದ್ದರೂ ಅಂಬೆಗಾಲಿಡುವ ಕೂಸು ಅಲ್ಲಿಗೇ ಹೋಗಿಬಿಟ್ಟರೆ ಏನು ಗತಿ. ಇಂಥವು ಬಂದು, ಒಂದು ದಿನ ತಂಗಿದ್ದು, ತಾವಾಗಿಯೇ ಹೋಗುತ್ತಿದ್ದವು. ಈ ಚಿಂತೆ ಮಾತ್ರ ಹಾಸಿಗೆ ಬಿಚ್ಚಿಕೊಂಡು ಕೂತಿತ್ತು. ಏಕೆಂದರೆ ನಿಲ್ಲು ಎಂದು ಹೇಳಬೇಕಾಗಿದ್ದದ್ದು ಮನುಷ್ಯರಿಗಲ್ಲ, ಪುಣೆಯಲ್ಲಿದ್ದ ಒಂದು ಕಂಪ್ಯೂಟರಿಗೆ.

ಇಂದುಮತಿಯ ತವರು ಕಿತ್ತೂರ ಹತ್ತಿರದ ದೇಗಾಂವವಾದರೂ ಅವಳು ಓದಿದ್ದೆಲ್ಲ ಪುಣೆಯಲ್ಲಿ. ಅಲ್ಲಿ ಫೋರ್ಟ್ರಾನ್ ಎಂಬ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯನ್ನು ಕಲಿತಿದ್ದಳು. ಮದುವೆಯಾಗಿ, ನವಿಲುತೀರ್ಥದ ಅಣೆಕಟ್ಟಿನ ಕಾಲೊನಿಗೆ ಬಂದು, ಕೂಸಾದ ಮೇಲೆ ಆ ಭಾಷೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಪುಣೆಯ ಸೀರೆಗಳ ಜೊತೆ ಮಲಗಿತ್ತು. ಎಬ್ಬಿಸಿದವನು ಗಂಡ ಕೃಷ್ಣಾಜಿ. ಕಾಲುವೆಯ ಕಿರಿಯ ಎಂಜಿನಿಯರನಾದ ಅವನು, ಯಾವ ರೈತನಿಗೆ ಯಾವ ವಾರ, ಯಾವ ತಾಸಿಗೆ ನೀರು ಎಂಬ ಪಾಳಿಯ ಚೀಟಿಗಳನ್ನು ಬರೆದು ಬರೆದು ಗುಮಾಸ್ತರು ಸೋತುಹೋಗಿದ್ದಾರೆ ಎಂಬ ಮಾತು ಬೆಳಗಾವಿಯ ಸಭೆಯಲ್ಲಿ ಬಂದಾಗ ಎದ್ದು ನಿಂತು, “ನಮ್ಮ ಮನಿಯಾಕಿಗೆ ಕಂಪ್ಯೂಟರಿನ ಭಾಷಾ ಬರ್ತದ್ರಿ” ಎಂದುಬಿಟ್ಟಿದ್ದ. ಎದುರಿಗೆ ಕೂತಿದ್ದ ದೊಡ್ಡ ಸಾಹೇಬರು ಮೈಸೂರು ಕಡೆಯವರು. ತಪ್ಪು ಮಾಡಿದವನ ಮಾತು ಮುಗಿಯುವ ಮೊದಲೇ ಫೋನು ಕುಕ್ಕುವುದಕ್ಕೆ ಹೆಸರಾದವರು. ಅವರು, “ಹಾಗಾದ್ರೆ ಮಾಡಿಸಿ” ಎಂದರು. ಮಾಡಿಸಿಯೂ ಆಯಿತು. ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಇಂದುಮತಿ ಬರೆದದ್ದು ಪುಣೆಗೆ ಹೋಗಿ, ಅಲ್ಲಿ ರಂಧ್ರ ಹೊಡೆದ ಕಾರ್ಡುಗಳಾಗಿ, ಯಂತ್ರದ ಬಾಯಿಯ ಮುಂದೆ ಸರದಿಯಲ್ಲಿ ನಿಂತಿತ್ತು.

“ಅದಕ್ಕ ಏನಂತ ಹೇಳಿದ್ಯ? ರಾಯವ್ವಗ ಇಷ್ಟು, ಸೋಮಪ್ಪಗ ಇಷ್ಟು ಅಂತ ಒಬ್ಬೊಬ್ಬರದೂ ಬರದ್ಯಾ?” ಎಂದು ಅತ್ತೆ ಸುಂದರಾಬಾಯಿ ಬತ್ತಿ ಹೊಸೆಯುತ್ತ ಕೇಳಿದ್ದರು.

“ಇಲ್ಲರೀ ಅತ್ಯಾ. ಒಬ್ಬರದ್ದು ಹೆಂಗ ಮಾಡೂದು ಅಂತ ಒಮ್ಮೆ ಹೇಳೂದು. ಆಮೇಲೆ ಇದನ್ನ ಎಲ್ಲಾರಿಗೂ ಮಾಡು ಅನ್ನೂದು. ಹೆಸರು ಓದು, ಹೊಲ ಎಷ್ಟ ಎಕರೆ ಅಂತ ನೋಡು, ಎಷ್ಟ ಎಕರೆನೋ ಅಷ್ಟ ಸಲ ಒಂದೊಂದು ತಾಸಿನ ಪಾಳಿ ಬರಿ, ಮುಂದಿನವನ ಹೆಸರಿಗೆ ಹೋಗು. ಇದಕ್ಕ ಲೂಪ್ ಅಂತಾರ. ಸುತ್ತು.”

“ಒಮ್ಮೆ ಹೇಳಿದ್ರ ಅಷ್ಟ ಸಲಾನೂ ಮಾಡ್ತದ?”

“ಮಾಡ್ತದರೀ.”

“ಹಂಗಾರ ಆ ಭಾಷಾ ನಾ ಮೊದಲ ಕಲಿಬೇಕಾಗಿತ್ತು. ಒದ್ದಿ ಟವೆಲ್ಲು ಹಗ್ಗದ ಮ್ಯಾಲೆ ಹಾಕೋ ಅಂತ ನನ್ನ ಮಗಗ ಮೂವತ್ತು ವರ್ಷದಿಂದ ಹೇಳ್ಲಿಕ್ಕೆ ಹತ್ತೀನಿ.”

ಒಳಗಿನ ಕೋಣೆಯಲ್ಲಿ ಕೃಷ್ಣಾಜಿ ಕೆಮ್ಮಿದ. ಟವೆಲ್ಲು ಹಾಸಿಗೆಯ ಮೇಲೆಯೇ ಇತ್ತು.

ಸುತ್ತು ಶುರುವಾಗುವುದು ಸುಲಭ, ನಿಲ್ಲಬೇಕಲ್ಲ. ಕೊನೆಯ ಹೆಸರಾದ ಮೇಲೆ ಸಾಕು ಎಂದು ಬರೆದಿರದಿದ್ದರೆ ಯಂತ್ರ ಕಾಗದ ತೀರುವವರೆಗೂ ಬರೆಯುತ್ತದೆ. ಒಬ್ಬನೇ ರೈತನ ಹೆಸರಿರುವ ಚೀಟಿಗಳನ್ನು ತುಂಬಿಕೊಂಡ ಗೂಡ್ಸ್ ಗಾಡಿ ಪುಣೆಯಿಂದ ಹೊರಟು ಬರುತ್ತಿರುವಂತೆ ಇಂದುಮತಿಗೆ ಹಗಲಲ್ಲೇ ಕಾಣುತ್ತಿತ್ತು.

ಗೂಡ್ಸ್ ಗಾಡಿ ಬರಲಿಲ್ಲ. ಒಂದು ಪಾರ್ಸಲ್ಲು ಬಂತು. ಎಲ್ಲರ ಹೆಸರೂ, ಅವರವರ ಪಾಳಿಯೂ ಸಾಲಾಗಿ ಇದ್ದವು. ಸುತ್ತು ಸರಿಯಾದ ಜಾಗದಲ್ಲಿ ನಿಂತಿತ್ತು. ಇಂಗ್ಲಿಷ್ ಅಕ್ಷರದಲ್ಲಿದ್ದರೇನು, ಚೀಟಿಗಳು ಚೆಂದವಾಗಿದ್ದವು. ದೊಡ್ಡ ಸಾಹೇಬರು ಎಷ್ಟು ಸಂತೋಷಪಟ್ಟರೆಂದರೆ ಬೇರೆ ಕಾಲುವೆಗಳ ಚೀಟಿಗಳನ್ನೂ ಇದೇ ಕಾರ್ಡುಗಳಿಂದ ತೆಗೆಸುತ್ತೇವೆ ಎಂದರು. ಚೀಟಿಗಳು ಹಂಚಿಹೋದವು. ಚಿಂತೆ ಹಾಸಿಗೆ ಸುತ್ತಿಕೊಂಡು ಹೊರಟಿತು. ಮರುದಿನ ಬೆಳಿಗ್ಗೆ ಹಾಲಿನ ಜಟ್ಟೆಪ್ಪ ಅದನ್ನು ತಿರುಗಿ ಕರೆತಂದ.

ಜಟ್ಟೆಪ್ಪ ಕಾಲೊನಿಗೆ ಹಾಲು ಹಾಕುವವನು. ಅವನನ್ನು ಹಾಲಿನವನು ಎಂದು ಕರೆದರೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ. ತಾನು ಒಕ್ಕಲಿಗ, ಹೊಲದ ಮನುಷ್ಯ, ಎಮ್ಮೆ ಬಂದದ್ದು ಆಮೇಲೆ ಎನ್ನುತ್ತಿದ್ದ. ಅಣೆಕಟ್ಟಿನ ಹಿಂದೆ ಈಗ ನೀರು ನಿಂತಿರುವ ಜಾಗದಲ್ಲಿ ಅವನ ಎರೆಹೊಲವಿತ್ತು. ನೀರು ಏರಿದ ದಿನ ಗುಡ್ಡದ ಮೇಲೆ ಕೂತು, ತನ್ನ ಜೋಳದ ಕೂಳೆಗಳು ಒಂದೊಂದಾಗಿ ಮುಳುಗುವುದನ್ನು ನೋಡಿದ್ದನಂತೆ. “ಅವತ್ತ ದಿನಪೂರ್ತಿ ಬಾಯಿ ಬಿಡಲಿಲ್ರಿ. ಮರುದಿನದಿಂದ ಬಾಯಿ ಮುಚ್ಚಿಲ್ಲ” ಎಂದು ಅವನ ಅಕ್ಕ ಹೇಳುತ್ತಿದ್ದಳು. ಪರಿಹಾರದ ಹಣದಲ್ಲಿ ಎರಡು ಎಮ್ಮೆ, ಒಂದು ಸೈಕಲ್ಲು ಮತ್ತು ಎಂದೂ ನಡೆಯದ ಒಂದು ಕೈಗಡಿಯಾರ ಕೊಂಡ. ಸೈಕಲ್ಲಿಗೆ ಒಂದು ಕಡೆ ಹಾಲಿನ ಕ್ಯಾನು, ಇನ್ನೊಂದು ಕಡೆ ಸಲಿಕೆ. ಹಾಲಿಗೆ ಸಲಿಕೆ ಯಾಕೋ ಎಂದು ಕೇಳಿದವರಿಗೆ, “ಕೆನಿ ದಪ್ಪ ಬಂದ್ರ ಬೇಕಾಗತೈತಿ” ಎನ್ನುತ್ತಿದ್ದ. ಹೊಲದ ಸುದ್ದಿ ತೆಗೆದರೆ, “ಐತ್ರಿ, ಎಲ್ಲಿ ಹೊಕ್ಕೈತಿ? ಈಗ ಮೀನಾ ಬೆಳಿತಾವು. ರಾಶಿ ಮಾಡಾಕ ಮಾತ್ರ ಬರವಲ್ತು” ಎನ್ನುತ್ತಿದ್ದ.

ಹಾಲನ್ನು ಅಳೆಯುವುದೂ ಜೋಳ ಅಳೆದ ಹಾಗೆಯೇ. ಕಣದಲ್ಲಿ ರಾಶಿ ಅಳೆಯುವವರು ಮೊದಲ ಮಾಪನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಜಟ್ಟೆಪ್ಪನೂ ಇಂದುಮತಿಯ ಪಾತ್ರೆಗೆ ಹಾಲು ಹೊಯ್ಯುವಾಗ “ಲಾಭಾ… ಎರಡ…” ಎಂದು ರಾಗ ತೆಗೆಯುತ್ತಿದ್ದ. ಒಂದು ಎಲ್ಲಿ ಹೋಯಿತು, ಲೆಕ್ಕ ತಪ್ಪಿತೇ ಎಂದು ಪುಣೆಯಿಂದ ಬಂದ ಹೊಸದರಲ್ಲಿ ಅವಳು ದಿನವೂ ಪಾತ್ರೆಯಲ್ಲಿ ಇಣುಕಿ ನೋಡಿದ್ದುಂಟು.

ಆ ದಿನ ಅವನು ಕ್ಯಾನಿನ ಮುಚ್ಚಳವನ್ನೇ ತೆಗೆಯಲಿಲ್ಲ. ರುಮಾಲಿನ ಮಡಿಕೆಯಿಂದ ಚೀಟಿ ತೆಗೆದು ಎರಡು ಕೈಯಲ್ಲಿ ಕೊಟ್ಟ. “ಬಾಯಾರ, ಇದನ್ನೀಟು ಓದ್ರಿ.”

ಇಂದುಮತಿ ಓದಿದಳು. ಅವಳದೇ ಚೀಟಿ. “ಜಟ್ಟೆಪ್ಪ. ಗುರುವಾರ, ಮುಂಜಾನೆ ಏಳರಿಂದ ಎಂಟು.”

“ಹೊಲ ಎಷ್ಟೈತಿ ಅಂತ ಬರದಾರ್ರಿ?”

“ಸೊನ್ನೆ.”

“ಪಾಳಿ?”

“ಒಂದು.”

“ಮೊದಲ ನೀರಿಗೆ ಹೊಲಾ ಕೊಟ್ಟಿದ್ರು. ಈಗ ಹೊಲಕ್ಕ ನೀರು ಕೊಟ್ಟಾರ. ಸರಕಾರಕ್ಕ ತಿಳಿತೈತ್ರಿ, ಆದ್ರ ತಡಾ ಆಗಿ ತಿಳಿತೈತಿ” ಎಂದ ಜಟ್ಟೆಪ್ಪ. ಚೀಟಿಯನ್ನು ಮಡಿಚಿ ರುಮಾಲಿಗೆ ಸಿಕ್ಕಿಸಿಕೊಂಡು ಕಾಲೊನಿಯ ಪ್ರತಿ ಮನೆಯ ಮುಂದೂ ಓದಿಸುತ್ತ ಹೋದ. ಅವನಿಗೆ ಅಷ್ಟು ಇಂಗ್ಲಿಷ್ ಓದು ಬರುತ್ತಿತ್ತು ಎನ್ನುವುದು ಬೇರೆ ಮಾತು.

ಸೊನ್ನೆ ಎಕರೆ ಎಂದರೆ ಸೊನ್ನೆ ಪಾಳಿ. ಅಷ್ಟು ಸಲ ಬರಿ ಎಂದರೆ ಒಮ್ಮೆಯೂ ಬರೆಯಬಾರದು. ಬರೆದಿತ್ತು. ಯಾಕೆ ಎಂದು ಇಂದುಮತಿಗೆ ತಿಳಿಯಲಿಲ್ಲ. ಗಂಡನಿಗೆ ಹೇಳೋಣವೆಂದರೆ ಅವನು ಸಾಹೇಬರ ಹೊಗಳಿಕೆಯನ್ನು ಇನ್ನೂ ಊಟದ ಜೊತೆ ಹಚ್ಚಿಕೊಂಡು ತಿನ್ನುತ್ತಿದ್ದ. ಸುಮ್ಮನಿದ್ದಳು.

ಮೊದಲ ಗುರುವಾರ ಜಟ್ಟೆಪ್ಪ ಮಡಿ ಧೋತರ ಉಟ್ಟು, ಸಲಿಕೆ ಹೆಗಲಿಗೇರಿಸಿ ಕಾಲುವೆಯ ತೂಬಿನ ಮುಂದೆ ನಿಂತ. ತೂಬು ತೆಗೆಯುವವನು ಚೀಟಿ ನೋಡಿ, ತಲೆ ಕೆರೆದುಕೊಂಡು, ನೀರು ಬಿಟ್ಟ. ಬಿಡಲಿಕ್ಕೆ ಹೊಲವಿಲ್ಲ. ಜಟ್ಟೆಪ್ಪ ಆ ಒಂದು ತಾಸಿನಲ್ಲಿ ಎರಡೂ ಎಮ್ಮೆಗಳ ಮೈ ತೊಳೆದ, ಸೈಕಲ್ಲು ತೊಳೆದ, ಕೊನೆಗೆ ತಾನೂ ಮಿಂದ. ದಂಡೆಯ ಮೇಲೆ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ ಗೌಡ್ರ, ಬೆಳಿ ಹೆಂಗೈತಿ?” ಎಂದು ಯಾರೋ ಕೂಗಿದರೆ, “ಎಮ್ಮಿ ಚಲೋ ನಾಟ್ಯಾವು” ಎಂದ.

ಎರಡನೆಯ ಗುರುವಾರ ಯಾರೂ ನಗಲಿಲ್ಲ. ಅಕ್ಕನ ಗಂಡ ಲಗಮಪ್ಪನದು ಕಾಲುವೆಗೆ ಹತ್ತಿಕೊಂಡೇ ಒಂದು ಎಕರೆ ಹೊಲವಿತ್ತು. ಮೊಣಕಾಲು ಹಿಡಿದು ಕೂತ ಲಗಮಪ್ಪ ನೀರಿಗೆ ಅರ್ಜಿಯನ್ನೇ ಹಾಕಿರಲಿಲ್ಲ, ಹೊಲ ಬೀಳುಬಿದ್ದಿತ್ತು. “ನೀರು ನಿಂದು, ಮಣ್ಣು ನಂದು. ಮಾಡು, ಹೋಗು” ಎಂದುಬಿಟ್ಟ. ಜಟ್ಟೆಪ್ಪ ಆ ಎಕರೆಯನ್ನು ಹರಗಿ, ಮಡಿ ಕಟ್ಟಿ, ಉಳ್ಳಾಗಡ್ಡಿ ಸಸಿ ಹಚ್ಚಿದ. ಅಂದಿನಿಂದ ಅವನ ಬಾಯಿ ಕಡಿಮೆಯಾಯಿತು. ಹಾಲು ಹಾಕಿ, ಯಾರನ್ನೂ ಕೆಣಕದೆ, ಹೊಲದ ಕಡೆ ಸೈಕಲ್ಲು ತುಳಿಯುತ್ತಿದ್ದ. ತಮ್ಮನಿಗೆ ಏನಾದರೂ ಜಡ್ಡು ಬಂತೇನೋ ಎಂದು ಅಕ್ಕ ಬಂದು ಸುಂದರಾಬಾಯಿಯವರ ಮುಂದೆ ಅತ್ತಳು. “ಜಡ್ಡಲ್ಲವಾ, ಕೆಲಸ ಹತ್ತೇದ” ಎಂದು ಅವರು ಸಮಾಧಾನ ಮಾಡಿ ಕಳಿಸಿದರು.

ಒಂದು ಬೆಳಿಗ್ಗೆ ಕೂಸಿಗೆ ಹೊಟ್ಟೆ ಸರಿಯಿರಲಿಲ್ಲ, ನಿನ್ನೆಯ ಹಾಲು ಉಳಿದಿತ್ತು. ಇಂದುಮತಿ ಪಾತ್ರೆ ಒರೆಸುತ್ತಲೇ ಬಾಗಿಲಿಗೆ ಬಂದು, “ಇವತ್ತ ಹಾಲು ಬ್ಯಾಡ, ಜಟ್ಟೆಪ್ಪಾ” ಎನ್ನುವಷ್ಟರಲ್ಲಿ “ಲಾಭಾ” ಎಂದು ಒಂದು ಮಾಪು ಹಾಲು ಪಾತ್ರೆಗೆ ಬಿದ್ದೇಬಿಟ್ಟಿತು.

“ಬ್ಯಾಡ ಅಂದ್ನಲ್ಲ.”

“ಕೇಳಿಸ್ತ್ರಿ. ಹಾಕಿದ ಮ್ಯಾಲೆ ಕೇಳಿಸ್ತು.”

“ಮೊದಲ ಎಷ್ಟ ಬೇಕು ಅಂತ ಕೇಳಬಾರದೇನು?”

“ತೆರದ ಭಾಂಡೆ ಖಾಲಿ ಒಳಗ ಕಳಸ್ತಾರೇನ್ರಿ ಬಾಯಾರ? ಮೊದಲ ಲಾಭ ಹಾಕೂದು. ಸಾಕೋ, ಇನ್ನಾ ಬೇಕೋ, ಅದು ಆಮ್ಯಾಲಿನ ಮಾತು” ಎಂದು ಅವನು ಸೈಕಲ್ಲು ಹತ್ತಿ ಹೋದ.

ಇಂದುಮತಿ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಪುಣೆಯ ತರಗತಿ, ಕರಿಹಲಗೆ, ಮಧ್ಯಾಹ್ನದ ತೂಕಡಿಕೆ ಎಲ್ಲ ಒಟ್ಟಿಗೆ ನೆನಪಾದವು. ಫೋರ್ಟ್ರಾನಿನ ಸುತ್ತು ಹೇಳಿದ ಕೆಲಸವನ್ನು ಮೊದಲು ಮಾಡುತ್ತದೆ. ಮಾಡಿ ಕೆಳಗೆ ಬಂದ ಮೇಲೆ, ಎಷ್ಟು ಸಲ ಮಾಡಬೇಕಿತ್ತು ಎಂದು ನೋಡುತ್ತದೆ. ಮೂರು ಎಂದಿದ್ದರೆ ಇನ್ನೆರಡು ಸಲ ಮಾಡುತ್ತದೆ. ಸೊನ್ನೆ ಎಂದಿದ್ದರೆ ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಒಮ್ಮೆ ಮಾಡಿ ಆಗಿರುತ್ತದೆ. ಸೊನ್ನೆಯಾದರೆ ಒಳಗೇ ಹೋಗಬೇಡ ಎಂದು ತಾನು ಒಂದು ಸಾಲು ಮೇಲೆ ಬರೆಯಬೇಕಿತ್ತು. ಬರೆದಿರಲಿಲ್ಲ. ನಿಲ್ಲುವುದರ ಚಿಂತೆಯಲ್ಲಿ, ಶುರುವೇ ಆಗಬಾರದ ಸುತ್ತೂ ಒಂದಿರುತ್ತದೆ ಎಂಬುದು ಹೊಳೆದೇ ಇರಲಿಲ್ಲ.

ಗೊತ್ತಾದದ್ದರಿಂದ ಸಮಾಧಾನವಾಗಲಿಲ್ಲ. ಗುಮಾಸ್ತರು ಹಳೆಯ ಖಾತೆಯಿಂದ ಹೆಸರು ಇಳಿಸುವಾಗ, ಹೊಲ ಮುಳುಗಿದವರನ್ನೂ ಬಿಡದೆ ಇಳಿಸಿ ಮುಂದೆ ಸೊನ್ನೆ ಬರೆದಿದ್ದರು. ಅಂದರೆ ಅವರೆಲ್ಲರಿಗೂ ಒಂದೊಂದು ಪಾಳಿ. ಅವರು ಎಲ್ಲಿದ್ದಾರೆ? ಜಟ್ಟೆಪ್ಪನೊಬ್ಬನನ್ನು ಬಿಟ್ಟರೆ ಉಳಿದವರು ಹುಬ್ಬಳ್ಳಿಗೋ ರಾಮದುರ್ಗಕ್ಕೋ ಎದ್ದುಹೋಗಿ ಕಾಲವಾಗಿತ್ತು. ಅವರ ಪಾಳಿಯ ನೀರು?

ಅದಕ್ಕೆ ಉತ್ತರ ಮಧ್ಯಾಹ್ನವೇ ಬಾಗಿಲಿಗೆ ಬಂತು. ಕಾಲುವೆಯ ಕಟ್ಟಕಡೆಯ ಹೊಲದ ರಾಯವ್ವ ಸೆರಗು ಬಿಗಿದುಕೊಂಡು ಬಂದು ಕಟ್ಟೆಯ ಮೇಲೆ ಕೂತಳು.

“ಎಂಜಿನೇರ ಸಾಹೇಬ್ರು ಅದಾರೇನ್ರಿ?”

“ಊಟಕ್ಕ ಕೂತಾರ.”

“ಉಣ್ಣಲಿ ಬಿಡ್ರಿ, ಅವರಾರ ಉಣ್ಣಲಿ. ಊರಾಗ ಇಲ್ಲದವರ ಹೆಸರ್ಲೆ ನೀರು ಬಿಡ್ತಾರ, ಅದು ಸೀದಾ ಹಳ್ಳಕ್ಕ ಹೊಕ್ಕೈತಿ. ನನ್ನ ಪಾಳಿ ಬರೂದ್ರಾಗ ಕಾಲುವಿ ಬಂದ್. ಗೋದಿ ಬಾಡಿ ತಲಿ ಕೆಳಗ ಹಾಕೈತಿ. ಇಲ್ಲೇ ಇದ್ದದ್ದು ನನ್ನ ತಪ್ಪೇನ್ರಿ? ನೀರು ಬೇಕಾದ್ರ ನಾನೂ ಊರ ಬಿಡಬೇಕಂದ್ರ ಹೇಳಿಬಿಡ್ರಿ, ಗಂಟು ಕಟ್ಟತೇನಿ.”

ಕೃಷ್ಣಾಜಿ ಕೈಯನ್ನೂ ತೊಳೆಯದೆ ಹೊರಗೆ ಬಂದು, ನೋಡೋಣ, ಬರೆಯೋಣ, ಹೊಸ ಚೀಟಿ ಬರುವಾಗ ಸರಿಹೋಗುತ್ತದೆ ಎಂದೆಲ್ಲ ಹೇಳಿ ಕಳಿಸಿದ. ಹೊಸ ಚೀಟಿಗಳೂ ಅದೇ ಕಾರ್ಡುಗಳಿಂದ ಬರುತ್ತವೆ, ಸೋಮವಾರ ಪುಣೆಯಲ್ಲಿ ಎಲ್ಲ ಕಾಲುವೆಗಳದ್ದೂ ತೆಗೆಯುತ್ತಾರೆ ಎಂಬುದು ಇಂದುಮತಿಗೆ ಗೊತ್ತಿತ್ತು. ಒಂದು ಸಾಲು ಸೇರಿಸಿದರೆ ಸಾಕು, ರಾಯವ್ವನ ನೀರು ರಾಯವ್ವನಿಗೆ. ಆದರೆ ಅದೇ ಸಾಲಿಗೆ ಜಟ್ಟೆಪ್ಪನ ತಾಸೂ ಹೋಗುತ್ತದೆ. ನಡು ಬೆಳೆಯಲ್ಲಿ ಉಳ್ಳಾಗಡ್ಡಿ ಒಣಗುತ್ತದೆ. ಆ ಮನುಷ್ಯನ ಹೊಲವನ್ನು ಒಮ್ಮೆ ನೀರು ಕೊಟ್ಟು ಮುಳುಗಿಸಿಯಾಗಿದೆ, ಈಗ ನೀರು ಕಿತ್ತುಕೊಂಡು.

ಫೋನು ಇದ್ದದ್ದು ಗಂಡನ ಕಚೇರಿಯಲ್ಲಿ. ಬೆಳಗಾವಿಗೆ ಮಾತಾಡಬೇಕೆಂದರೆ ಸವದತ್ತಿಯ ಎಕ್ಸ್‌ಚೇಂಜಿಗೆ ಹೇಳಿ ಟ್ರಂಕ್ ಕಾಲ್ ಹಚ್ಚಿಸಬೇಕು. ಮರುದಿನ ಇಂದುಮತಿ ಹೋದಳು. ಮೆಟ್ಟಿಲ ಮೇಲೆ ಕೂಸು ಅತ್ತಿತು, ತಿರುಗಿ ಬಂದಳು. ಸಂಜೆ ಹೋದಳು, ಫೋನಿನ ಮೇಲೆ ಹಲ್ಲಿ ಕೂತಿತ್ತು. ಅದರ ಮರುದಿನ ಹೋದಾಗ ಕೂಸೂ ಅಳಲಿಲ್ಲ, ಹಲ್ಲಿಯೂ ಇರಲಿಲ್ಲ. ಸಿಪಾಯಿ ಚಹಾ ತಂದುಕೊಟ್ಟ, ಕುಡಿದು ಬಂದಳು.

“ನಿನ್ನ ಸುತ್ತು ಯಾವಾಗ ನಿಲ್ತದ?” ಎಂದು ಸುಂದರಾಬಾಯಿ ಕೇಳಿದರು. ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಅವರಿಗೆ ಎಲ್ಲವೂ ಗೊತ್ತಾಗಿರುತ್ತಿತ್ತು.

ಆ ಶನಿವಾರ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಇಂದುಮತಿ ಲಗಮಪ್ಪನ ಹೊಲಕ್ಕೇ ಹೋದಳು. ಉಳ್ಳಾಗಡ್ಡಿ ಮೊಣಕಾಲ ಮಟ್ಟ ನಿಂತಿತ್ತು. ಜಟ್ಟೆಪ್ಪ ಕಳೆ ಕೀಳುತ್ತಿದ್ದವನು ಎದ್ದು, ಬದುವಿನ ಮೇಲೆ ತನ್ನ ರುಮಾಲು ಹಾಸಿ, “ಕುಂದರ್ರಿ ಬಾಯಾರ” ಎಂದ. ಅವಳು ಕೂಡಲಿಲ್ಲ. ಕೂತರೆ ಧೈರ್ಯವೂ ಕೂತುಬಿಡುತ್ತದೆ ಎಂದು ಅಂಜಿ, ನಿಂತೇ ಎಲ್ಲವನ್ನೂ ಹೇಳಿದಳು. ನಿನ್ನ ಪಾಳಿ ಸರಕಾರ ಕೊಟ್ಟದ್ದಲ್ಲ, ನಾನು ಒಂದು ಸಾಲು ಮರೆತದ್ದಕ್ಕೆ ಬಂದದ್ದು. ಈಗ ತಿದ್ದದಿದ್ದರೆ ರಾಯವ್ವನ ಗೋದಿ ಹೋಗುತ್ತದೆ.

ಜಟ್ಟೆಪ್ಪ ಕೈಯಲ್ಲಿದ್ದ ಕಳೆಯ ಮಣ್ಣನ್ನು ಝಾಡಿಸಿದ. ಬಹಳ ಹೊತ್ತು ಝಾಡಿಸಿದ.

“ರಾಯವ್ವ ಬಂದು ನನಗೂ ಬೈದು ಹ್ವಾದಳ್ರಿ. ನನ್ನ ಪಾಳಿ ತಗೋ ಬೇ ಅಂದೆ. ‘ನಿನ್ನ ಒಂದ ತಾಸಿನ್ಯಾಗ ನಾ ಏನ್ ಮುಖಾ ತೊಕ್ಕೊಳ್ಳೇನು’ ಅಂತ ಮತ್ತೂ ಬೈದಳು.” ಆಮೇಲೆ ಅಂದ, “ನನ್ನ ಹೊಲಾ ಮುಣಗೂಮುಂದ ಡಂಗುರಾ ಸಾರಿದ್ರು. ಯಾರೂ ಮನೀತನಾ ಬಂದು ಹೇಳಲಿಲ್ಲ. ನೀವು ಕೂಸಿನ್ನ ಹೊತಗೊಂಡು ಇಲ್ಲೀತನಾ ಬಂದ್ರಿ. ಫೋನ್ ಮಾಡ್ರಿ.”

“ನಿನ್ನ ಬೆಳೆ?”

“ಎಮ್ಮಿ ಅದಾವಲ್ರಿ, ತಿಂತಾವು. ಒಂದ್ ನಾಕು ದಿನ ಹಾಲು ಉಳ್ಳಾಗಡ್ಡಿ ವಾಸನಿ ಬರತಾವು, ಅಷ್ಟ ಸಹಿಸಿಕೊಳ್ರಿ.”

ಕೂಸು ಕೆಳಗಿಳಿಯಲು ಒದ್ದಾಡಿತು, ಇಳಿಸಿದಳು. ಅದು ಮಡಿಯೊಳಗೆ ಕೂತು ಎರಡೂ ಕೈಯಲ್ಲಿ ಹಸಿಮಣ್ಣನ್ನು ಹಿಚುಕಿತು. ಬೇರೆ ದಿನವಾಗಿದ್ದರೆ ಆ ಮಣ್ಣಿನಲ್ಲಿ ಯಾವ ಯಾವ ಹುಳಗಳಿರಬಹುದು ಎಂದು ಇಂದುಮತಿ ಹೌಹಾರುತ್ತಿದ್ದಳು. ಇವತ್ತು ಹೊಲವನ್ನೇ ನೋಡುತ್ತ ನಿಂತಳು. ಈ ಬದುವಿನಿಂದ ಆ ಬದುವಿನವರೆಗೆ ಹಸಿರು. ಇದು ಸೊನ್ನೆ ಹೇಗಾದೀತು?

ಮನೆಗೆ ಬಂದು ಗಂಡನಿಗೆ ಹೇಳಿದಳು. ಕೃಷ್ಣಾಜಿ ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ. “ಮಶೀನ್ ತಪ್ಪ ಮಾಡ್ಯದ ಅಂದ್ರಾತು.”

“ಮಶೀನ್ ಹೇಳಿದ್ದನ್ನ ಮಾಡ್ಯದರೀ. ಹೇಳಿದಾಕಿ ನಾನು.”

“ಹಂಗಾರ ನಾನ ಸಾಹೇಬ್ರ ಜೋಡಿ ಮಾತಾಡ್ತೀನಿ.”

“ನೀ ಬ್ಯಾಡೋ” ಎಂದರು ಸುಂದರಾಬಾಯಿ. “ನಿನ್ನ ಕೈಯಾಗ ಫೋನ್ ಕೊಟ್ರ ‘ಹೌದ್ರಿ ಸಾಹೇಬ್ರ, ಹೌದ್ರಿ ಸಾಹೇಬ್ರ’ ಅನ್ನೂದು ಮುಗಿಯೂದುಲ್ಲ. ಇಂದೂ, ನೀ ಹೋಗವಾ. ಕೂಸು ನನ್ನ ಹತ್ರ ಇರ್ಲಿ.”

ಕೂಸು ಮನೆಯಲ್ಲಿತ್ತು, ಹಲ್ಲಿ ಗೋಡೆಯ ಮೇಲೆ ದೂರವಿತ್ತು, ಸಿಪಾಯಿಗೆ ಚಹಾ ಬೇಡವೆಂದು ಮೊದಲೇ ಹೇಳಿದ್ದಳು. ಟ್ರಂಕ್ ಕಾಲ್ ಹತ್ತಿತು. “ಮಾತಾಡ್ರಿ ಬೆಳಗಾಂವಿ” ಎಂದ ಸವದತ್ತಿ ಎಕ್ಸ್‌ಚೇಂಜಿನ ಸಂಗಪ್ಪ. ಆ ಕಡೆಯಿಂದ ದೊಡ್ಡ ಸಾಹೇಬರ ಗಂಟಲು ಕೇಳಿತು.

ಇಂದುಮತಿ ಒಂದೇ ಉಸಿರಿಗೆ ಹೇಳಿದಳು. ತಪ್ಪು ತನ್ನದು; ಸೊನ್ನೆ ಇದ್ದವರಿಗೂ ಒಂದೊಂದು ಪಾಳಿ ಹೋಗಿದೆ; ಆ ನೀರು ಹಳ್ಳಕ್ಕೆ ಹರಿಯುತ್ತಿದೆ; ಸೋಮವಾರದ ಕೆಲಸ ನಿಲ್ಲಿಸಿ, ಒಂದು ಹೊಸ ಕಾರ್ಡು ಸೇರಿಸಬೇಕು. ಕುಕ್ಕುವ ಸದ್ದಿಗಾಗಿ ಕಾದಳು. ಬರಲಿಲ್ಲ.

“ಸರಿಯಮ್ಮ. ಸೊನ್ನೆಯವರನ್ನೆಲ್ಲ ತೆಗೆದುಬಿಡಿ” ಎಂದರು ಸಾಹೇಬರು.

“ಒಬ್ಬರನ್ನ ಬಿಟ್ಟು, ಸರ್. ಜಟ್ಟೆಪ್ಪ ಅಂತ. ಅವನ ಹೆಸರಿನ ಮುಂದ ಒಂದು ಎಕರೆ ಅಂತ ಬರಿಬೇಕು.”

“ಅವನ ಜಮೀನು ಮುಳುಗಿದೆ ಅಂದ್ರಲ್ಲ?”

“ಮುಳುಗೇದರೀ ಸರ್. ಈಗ ಅಕ್ಕನ ಗಂಡನ ಹೊಲ ಮಾಡ್ಲಿಕ್ಕೆ ಹತ್ಯಾನ. ಕಾಲುವೆಗೆ ಹತ್ತೇ ಅದ. ನಾ ಹೋಗಿ ನೋಡಿ ಬಂದೀನಿ. ಅರ್ಜಿ ಸೋಮವಾರ ಮುಂಜಾನೆ ನಿಮ್ಮ ಟೇಬಲ್ ಮೇಲಿರ್ತದ.”

ಆ ಕಡೆ ಏನೂ ಕೇಳಿಸಲಿಲ್ಲ. ಕುಕ್ಕಿದರೋ, ಯೋಚಿಸುತ್ತಿದ್ದಾರೋ ಗೊತ್ತಾಗದೆ ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ನಡುವೆ ಸಂಗಪ್ಪ ಬಾಯಿ ಹಾಕಿದ.

“ಮೂರು ಮಿನಿಟ್ ಆತ್ರಿ. ಮುಂದುವರಸ್ತೀರೇನ್ರಿ?”

“ಮುಂದುವರಸ್ರಿ” ಎಂದಳು ಇಂದುಮತಿ.

“ಹ್ಞೂಂ, ಹೇಳಿ” ಎಂದಿತು ಬೆಳಗಾವಿ. “ಏನು ಬೆಳೆ ಹಾಕಿದ್ದಾನೆ ಅವನು?”